‘ಹೋದರು’ ಅಂದರೆ ಎಲ್ಲಿಗೆ?

ಮನೆ, ಬಾಲ್ಕನಿ ಕಡೆಯ ಕೋಣೆ
ಜುಲೈ ೧೪, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತಾ, ಇಲ್ಲಾ ನನಗೆ ಕೇಳಿಸಬಾರದು ಅಂತ ಫೋನಿಗೆ ಕೈ ಅಡ್ಡ ಹಿಡಿದು ಕೆಮ್ಮುತ್ತೀಯಾ? ಶಿಬಿರದವರಿಗೆಲ್ಲ ಔಷಧಿ ಕೊಡುವ ಡಾಕ್ಟರಮ್ಮ ತನ್ನ ಕೆಮ್ಮನ್ನು ಮಾತ್ರ ಕೆಮ್ಮೇ ಅಲ್ಲ ಅನ್ನುತ್ತಾಳೆ, ಥೇಟ್ ಅಪ್ಪನ ಮಗಳು. ಕಾಲುಚೀಲ ಎರಡೆರಡು ಹಾಕಿಕೋ. ನಿಮ್ಮ ಮಂಜಿನ ನಾಡಿನಲ್ಲಿ ತಿಂಗಳುಗಟ್ಟಲೆ ಕಾಣದ ಸೂರ್ಯ ಮುಖ ತೋರಿಸುವ ತನಕ ದೀಪದ ಬೆಳಕಲ್ಲೇ ಓದಿ ಕಣ್ಣು ಹಾಳುಮಾಡಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಕಾಗದಕ್ಕೋಸ್ಕರ ಬರೆಯುವ ‘ಚೆನ್ನಾಗಿದ್ದೇನೆ’ ಅಂದುಕೊಳ್ಳಬೇಡ, ನಿಜವಾಗಿಯೂ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಮಂಡಿ ನೋವು ಮೊದಲಿನಷ್ಟೇ ಇದೆ, ಅದು ಯಾರ ಸಾವಿಗೂ ರಜೆ ಹಾಕುವುದಿಲ್ಲ.

ಅವತ್ತು ಫೋನಿನಲ್ಲಿ ನಾವಿಬ್ಬರೂ ಆಡಿದ್ದು ಮಾತೇ ಅಲ್ಲ. ಅರ್ಧ ನಿನ್ನ ಕಡೆಯ ಗಾಳಿ ತಿಂದಿತು, ಇನ್ನರ್ಧ ನನ್ನ ಅಳು ತಿಂದಿತು. ಅದಕ್ಕೇ ಈ ಕಾಗದ. ಮೊದಲು ಹೊರಡುವ ಹಡಗಿನ ಚೀಲಕ್ಕೆ ಹಾಕಿ ಕಳಿಸುತ್ತೇವೆ ಅಂತ ನಿನ್ನ ಆಫೀಸಿನವರು ಹೇಳಿದ್ದಾರೆ. ನಿನ್ನ ಕೈ ಸೇರುವ ಹೊತ್ತಿಗೆ ಎಲ್ಲ ಹಳಸಿದ ಸುದ್ದಿ. ಆದರೂ ಬರೆಯುತ್ತೇನೆ. ಟಿವಿಯವರು ಹಾಕಿದ್ದನ್ನೆಲ್ಲ ಸ್ನೇಹಿತರು ಕಳಿಸಿದ್ದಾರೆ, ಅದನ್ನೇ ಮತ್ತೆ ಮತ್ತೆ ನೋಡುತ್ತಾ ಕೂತಿದ್ದೇನೆ ಅಂತ ಮೊನ್ನೆ ಎರಡು ನಿಮಿಷ ಲೈನು ಸಿಕ್ಕಾಗ ಅಂದೆಯಲ್ಲ, ಅದು ನನಗೆ ಸರಿಬರಲಿಲ್ಲ. ಅದರಲ್ಲಿ ಮೇಣದಬತ್ತಿ ಇದೆ, ಕೊಳಲಿನ ರಾಗ ಇದೆ, ನಿಮ್ಮಪ್ಪ ಇಲ್ಲ. ಅವರು ಆಗ ಎಲ್ಲಿದ್ದರು, ಏನು ಮಾಡುತ್ತಿದ್ದರು, ಯಾರು ಯಾರು ನಮ್ಮ ಕೈ ಹಿಡಿದರು, ಅದನ್ನು ನನ್ನ ಬಾಯಿಂದಲೇ ಕೇಳು. ಈ ಕಾಗದದಲ್ಲಿ ಅಳು ಕಡಿಮೆ, ಋಣ ಜಾಸ್ತಿ.

ಮೊದಲು ಆ ಸುಳ್ಳು ಸುದ್ದಿಯ ದಿನ. ನಿಮ್ಮಪ್ಪನನ್ನು ಆಸ್ಪತ್ರೆಗೆ ಸೇರಿಸಿ ಒಂದು ವಾರವಾಗಿತ್ತೇನೋ. ಹೃದಯ ದಣಿದಿದೆ ಅಂತ ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ದಣಿದದ್ದು ಹೃದಯ ಮಾತ್ರ, ಬಾಯಿಗೆ ಏನೂ ಆಗಿರಲಿಲ್ಲ. ನರ್ಸುಗಳು ಪಾಳಿ ಮುಗಿಸಿ ಹೋಗುವಾಗ ಇವರ ಮಂಚದ ಹತ್ತಿರ ಬಂದು, ಸರ್, ಒಂದು ಸಲ ಸುದ್ದಿ ಓದಿ ಅನ್ನುತ್ತಿದ್ದರು. ಇವರೂ ಗಂಟಲು ಸರಿಮಾಡಿಕೊಂಡು, ‘ಇಂದಿನ ಮುಖ್ಯಾಂಶಗಳು. ಮಹಿಳಾ ವಾರ್ಡಿನ ಫ್ಯಾನು ಕೊನೆಗೂ ತಿರುಗಿದೆ’ ಅಂತ ಶುರುಮಾಡಿಬಿಡುತ್ತಿದ್ದರು. ಎಲ್ಲರಿಗೂ ಒಂದೇ ಚಾನೆಲ್ ಇದ್ದ ಕಾಲದಲ್ಲಿ ದಿನಾ ಸಂಜೆ ಏಳೂವರೆಗೆ ಮನೆಮನೆಗೆ ಬರುತ್ತಿದ್ದ ದನಿ ಅಲ್ಲವಾ? ಸುದ್ದಿ ಓದುವುದು ಬಿಟ್ಟು ಇಷ್ಟು ವರ್ಷವಾದರೂ ಜನ ಅವರ ಹೆಸರು ಹೇಳುವುದಿಲ್ಲ, ‘ಏಳೂವರೆ’ ಅಂತಲೇ ಕರೆಯುವುದು. ಶಾಲೆಯಲ್ಲಿ ನಿನ್ನನ್ನು ‘ಏಳೂಮುಕ್ಕಾಲು’ ಅಂತ ರೇಗಿಸಿದ್ದಕ್ಕೆ ಮನೆಗೆ ಬಂದು ಹೋ ಅಂತ ಅತ್ತಿದ್ದೆ. ನಿಮ್ಮಪ್ಪ ಸಮಾಧಾನ ಮಾಡುವುದು ಬಿಟ್ಟು, ಹದಿನೈದು ನಿಮಿಷ ಮುಂದಿದ್ದೀಯ ಬಿಡು ಅಂದಿದ್ದರು.

ಆ ದಿನ ಊಟವಾದ ಮೇಲೆ ನಾನು ಔಷಧಿ ತರಲು ಕೆಳಗೆ ಹೋಗಿ ಸಾಲಿನಲ್ಲಿ ನಿಂತಿದ್ದೆ. ಅಲ್ಲಿ ಗೋಡೆಯ ಮೇಲೊಂದು ಟಿವಿ, ದನಿ ಇರಲಿಲ್ಲ. ಯಾಕೋ ತಲೆ ಎತ್ತಿದೆ. ಪಟ್ಟೆ ಟೈ ಕಟ್ಟಿಕೊಂಡ ನಿಮ್ಮಪ್ಪನ ಹಳೇ ಫೋಟೋ, ಪಕ್ಕದಲ್ಲಿ ಉರಿಯುವ ಮೇಣದಬತ್ತಿ, ಕೆಳಗೆ ಕೆಂಪು ಪಟ್ಟಿಯಲ್ಲಿ ‘ಏಳೂವರೆ ಇನ್ನಿಲ್ಲ’. ನನ್ನ ಮುಂದೆ ನಿಂತಿದ್ದ ಹೆಂಗಸು ತಿರುಗಿ, ಅಯ್ಯೋ ಪಾಪ, ಎಷ್ಟು ಒಳ್ಳೇ ದನಿ ಇತ್ತು ಅಂದಳು. ನಾನು ಯಾರು ಅಂತ ಅವಳಿಗೆ ಗೊತ್ತಿಲ್ಲ. ಹೌದು, ಒಳ್ಳೇ ದನಿ ಅಂತ ನಾನೂ ಅಂದೆ ನೋಡು. ಆಮೇಲೆ ಓಡಿದೆ. ಲಿಫ್ಟಿಗೆ ಕಾಯಲಿಲ್ಲ, ಈ ಮಂಡಿ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ. ವಾರ್ಡಿಗೆ ಹೋದರೆ ಮಂಚ ಖಾಲಿ. ಹೊದಿಕೆ ಮಡಿಸಿಟ್ಟಿದೆ, ಕನ್ನಡಕ ಮೇಜಿನ ಮೇಲಿದೆ. ಕನ್ನಡಕವಿಲ್ಲದೆ ಅವರು ಬಚ್ಚಲಿಗೂ ಹೋದವರಲ್ಲ. ಮಂಚದ ಕಂಬಿ ಹಿಡಿದು ಹಾಗೇ ನೆಲದ ಮೇಲೆ ಕುಸಿದು ಕೂತೆ. ನನ್ನ ಗಂಡ ಸತ್ತದ್ದನ್ನು ಊರೆಲ್ಲ ತಿಳಿದುಕೊಂಡ ಮೇಲೆ ನಾನು ತಿಳಿದುಕೊಂಡೆನಲ್ಲ, ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಎಷ್ಟು ಹೊತ್ತು ಕೂತಿದ್ದೆನೋ. ಕಾರಿಡಾರಿನಲ್ಲಿ ಗಾಲಿ ಕುರ್ಚಿಯ ಕಿರ್ರ್ ಸದ್ದು, ಅದರ ಮೇಲೆ ನಿಮ್ಮಪ್ಪನ ಗೊಣಗಾಟ. ಎಕ್ಸ್‌ರೇ ಕೋಣೆ ಏನು ತಣ್ಣಗಿದೆ, ಮನುಷ್ಯರನ್ನು ಇಡೋ ಜಾಗವಾ ಅದು, ತರಕಾರಿ ಇಡಬಹುದು ಅಂತ ಕುರ್ಚಿ ತಳ್ಳುವವನ ಜೊತೆ ವಾದ. ಒಳಗೆ ಬಂದು ನನ್ನನ್ನು ನೋಡಿದವರೇ, ‘ನೆಲದ ಮೇಲೆ ಯಾಕೆ ಕೂತಿದ್ದೀಯೇ, ಶೀತ ಆಗುತ್ತೆ’ ಅಂದರು. ನಾನು ಅವರ ಮೊಣಕಾಲು ತಬ್ಬಿಕೊಂಡು ಅತ್ತೆ. ಅಷ್ಟು ವರ್ಷದ ಸಂಸಾರದಲ್ಲಿ ಹಾಗೆ ಹತ್ತು ಜನರ ಎದುರು ಅವರನ್ನು ಮುಟ್ಟಿದವಳಲ್ಲ ನಾನು. ಕುರ್ಚಿ ತಳ್ಳುವವನು ಪಾಪ, ಮುಖ ಆ ಕಡೆ ತಿರುಗಿಸಿ ನಿಂತ.

ಆದದ್ದಿಷ್ಟೇ. ಯಾವುದೋ ಚಾನೆಲ್ಲಿನ ವರದಿಗಾರ ಹುಡುಗಿ ವಾರ್ಡಿನ ಮೇಜಿಗೆ ಫೋನ್ ಮಾಡಿ, ಏಳೂವರೆ ಸರ್ ಹೇಗಿದ್ದಾರೆ ಅಂತ ಕೇಳಿದ್ದಾಳೆ. ಅಲ್ಲಿದ್ದ ಆಯಾ ಎಕ್ಸ್‌ರೇಗೆ ಹೊರಟ ಕುರ್ಚಿಯನ್ನು ನೋಡಿ, ‘ಅವರು ಈಗ ತಾನೇ ಹೋದರಲ್ಲ’ ಅಂದಿದ್ದಾಳೆ. ಅಷ್ಟೇ ಸಾಕಾಯಿತು. ಒಂದು ಚಾನೆಲ್ ಹಾಕಿದ್ದನ್ನು ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು. ಒಬ್ಬರಾದರೂ ನಮ್ಮ ಮನೆಗೆ ಫೋನ್ ಮಾಡಿ ಕೇಳಲಿಲ್ಲ.

ಈಗ ನಗುವ ಭಾಗ. ವಾರ್ಡಿನ ಟಿವಿ ಹಾಕು ಅಂದರು. ಬೇಡ ಅಂದರೂ ಕೇಳಲಿಲ್ಲ. ಎರಡು ದಿಂಬು ಬೆನ್ನಿಗೆ ಇಟ್ಟುಕೊಂಡು, ಕನ್ನಡಕ ಏರಿಸಿ, ತಮ್ಮ ಸಾವನ್ನು ತಾವೇ ನೋಡುತ್ತಾ ಕೂತರು. ಒಬ್ಬ ಅವರ ವಯಸ್ಸಿಗೆ ಆರು ವರ್ಷ ಸೇರಿಸಿದ್ದ. ಇನ್ನೊಬ್ಬಳು ನಿನ್ನನ್ನು ಗಂಡು ಮಾಡಿ, ‘ಪುತ್ರ ಹಿಮದ ನಾಡಿನಿಂದ ಹೊರಟಿದ್ದಾರೆ’ ಅಂದಳು. ಮತ್ತೊಬ್ಬ ಆಸ್ಪತ್ರೆಯ ಗೇಟಿನ ಮುಂದೆ ನಿಂತು ಇಡೀ ಆಸ್ಪತ್ರೆ ಶೋಕದಲ್ಲಿ ಮುಳುಗಿದೆ ಅಂತ ಗಂಟಲು ಹರಿದುಕೊಳ್ಳುತ್ತಿದ್ದರೆ, ಅವನ ಹಿಂದೆ ನಮ್ಮ ವಾರ್ಡಿನ ಇಬ್ಬರು ನರ್ಸುಗಳು ಐಸ್‌ಕ್ರೀಮ್ ತಿನ್ನುತ್ತಾ ನಿಂತಿದ್ದರು. ನಿಮ್ಮಪ್ಪನಿಗೆ ನಕ್ಕು ನಕ್ಕು ಕೆಮ್ಮು ಬಂತು. ನಡುನಡುವೆ ತಪ್ಪನ್ನೂ ತಿದ್ದುತ್ತಿದ್ದರು, ಇವನು ಉಸಿರು ತಪ್ಪಾದ ಕಡೆ ತಗೋತಾನೆ, ಇವಳು ಪರವಾಗಿಲ್ಲ ಅಂತ. ಆದರೆ ಸ್ವಲ್ಪ ಹೊತ್ತಿಗೆ ಜನ ಮಾತಾಡುವುದಕ್ಕೆ ಶುರುವಾಯಿತು. ಬೀದಿಯಲ್ಲಿ ಹೋಗುವವರ ಮುಂದೆ ಮೈಕು ಹಿಡಿದರೆ, ಒಬ್ಬ ಟೈಲರು, ಅವರ ದನಿ ಬಂದ ಮೇಲೆಯೇ ನಮ್ಮಪ್ಪ ಅಂಗಡಿ ಬಾಗಿಲು ಹಾಕೋರು ಅಂದ. ಕಣ್ಣು ಕಾಣದ ಒಬ್ಬ ಅಜ್ಜಿ, ಅವರು ಓದಿದರೆ ನನಗೆ ಚಿತ್ರ ಬೇಕಾಗಿರಲಿಲ್ಲ ಅಂದಳು. ನಿಮ್ಮಪ್ಪನ ನಗು ನಿಂತು, ಬಾಯಿ ಅರ್ಧ ತೆರೆದೇ ಇತ್ತು. ಯಾವ ಪ್ರಶಸ್ತಿ ಕೊಟ್ಟಾಗಲೂ ಆ ಮುಖ ನಾನು ನೋಡಿರಲಿಲ್ಲ.

ಆಮೇಲೆ ಬಂದರು ನಿನ್ನ ಹವಾಮಾನದ ಮಾವ. ಅವರಿಬ್ಬರ ಜಗಳದ ಕತೆ ನಿನಗೆ ಅರ್ಧವೇ ಗೊತ್ತು, ಆಗ ನೀನು ಹಾಸ್ಟೆಲಿನಲ್ಲಿದ್ದೆ. ನಿಮ್ಮಪ್ಪ ಸುದ್ದಿ, ಅವರು ಹವಾಮಾನ. ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವರು. ಇವರು ಅವರನ್ನು ಕರೆಯುತ್ತಿದ್ದದ್ದೇ ‘ಮೋಡ’ ಅಂತ. ನಿಮ್ಮಪ್ಪ ನಿವೃತ್ತಿಯಾಗುವ ದಿನ, ಕೊನೆಯ ಸಲ ಸುದ್ದಿ ಓದಿ, ವೀಕ್ಷಕರಿಗೆ ನಾಲ್ಕು ಮಾತು ಹೇಳಿ ಕೈ ಮುಗಿಯಬೇಕು ಅಂತ ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋಗಿದ್ದರು. ಅವತ್ತೇ ಸಮುದ್ರದಲ್ಲಿ ಚಂಡಮಾರುತ. ಮೋಡಣ್ಣ ನಕ್ಷೆಯ ಮುಂದೆ ನಿಂತವರು ಮಾತು ಮುಗಿಸಲೇ ಇಲ್ಲ. ಇವರ ಪಾಲಿನ ನಿಮಿಷವೂ ಅದರಲ್ಲೇ ಹೋಗಿ, ಇವರು ಬಾಯಿ ತೆರೆಯುವಷ್ಟರಲ್ಲಿ ಸೋಪಿನ ಜಾಹೀರಾತು ಬಂದುಬಿಟ್ಟಿತು. ಮನೆಗೆ ಬಂದು, ‘ಸೋಪು ಬಂತು’ ಅಂದರು, ಅಷ್ಟೇ. ಆಮೇಲೆ ಮೋಡಣ್ಣ ಫೋನ್ ಮಾಡಿದರೂ ಇಲ್ಲ, ಬಾಗಿಲಿಗೆ ಬಂದರೂ ಇಲ್ಲ. ನಡುಮನೆಯಲ್ಲಿ ಕೂತುಕೊಂಡೇ ನನ್ನ ಕೈಲಿ ‘ಮನೆಯಲ್ಲಿಲ್ಲ’ ಅನ್ನಿಸಿದವರು. ಠೂ ಬಿಟ್ಟ ಮಕ್ಕಳ ಹಾಗೆ ವರ್ಷಗಟ್ಟಲೆ.

ಆ ಮೋಡಣ್ಣ ಈಗ ಸ್ಟುಡಿಯೋದಲ್ಲಿ ನಿರೂಪಕನ ಪಕ್ಕ ಕೂತಿದ್ದರು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ನಿರೂಪಕ ಯುಗಾಂತ್ಯ, ತುಂಬಲಾರದ ನಷ್ಟ ಅಂತ ಏನೇನೋ ಅನ್ನುತ್ತಿದ್ದ. ಮೋಡಣ್ಣ ಅವನ ಕಡೆ ನೋಡಲೇ ಇಲ್ಲ. ‘ಅವನ ಒಂದು ನಿಮಿಷ ನನ್ನ ಹತ್ತಿರ ಉಳಿದುಹೋಯಿತು’ ಅಂದರು. ‘ವಾಪಸ್ ಕೊಡೋಣ ಅಂದರೆ ಬಾಗಿಲು ತೆಗೀಲಿಲ್ಲ.’ ಅಷ್ಟು ಹೇಳಿ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಿಮ್ಮಪ್ಪ ನನ್ನ ಕಡೆ ತಿರುಗದೇ ಕೈ ಚಾಚಿ, ‘ಫೋನ್ ಕೊಡೇ. ಟಿವಿ ದನಿ ಕಡಿಮೆ ಮಾಡು’ ಅಂದರು.

ಟಿವಿಯಲ್ಲಿ ಮೋಡಣ್ಣನ ಜೇಬು ಸದ್ದು ಮಾಡಿತು. ನಿಲ್ಲಿಸೋಣ ಅಂತ ತೆಗೆದರು, ನೋಡಿದರು, ಹಾಗೇ ಕಲ್ಲಾದರು. ಸತ್ತವನ ಹೆಸರು ಪರದೆಯ ಮೇಲೆ ಬಂದರೆ ಯಾರು ತಾನೇ ಏನು ಮಾಡುತ್ತಾರೆ? ನಿರೂಪಕ, ಸರ್, ದಯವಿಟ್ಟು ಫೋನು ಅನ್ನುತ್ತಿದ್ದಾನೆ. ಮೋಡಣ್ಣ ಕಿವಿಗಿಟ್ಟು, ಯಾರು ಅಂತ ಪಿಸುಗುಟ್ಟಿದರು. ‘ನಾನು ಕಣೋ. ಎಕ್ಸ್‌ರೇಗೆ ಹೋಗಿದ್ದೆ. ಅಳೋದು ನಿಲ್ಲಿಸು, ಕ್ಯಾಮೆರಾ ನಿನ್ನ ಎಡಗಡೆ ಇದೆ’ ಅಂದರು ನಿಮ್ಮಪ್ಪ. ಮೋಡಣ್ಣ ಎಡಕ್ಕೆ ತಿರುಗಿದರು, ಪುಟ್ಟೀ, ಅಭ್ಯಾಸಬಲ. ಕಣ್ಣೀರು ಸುರಿಸುತ್ತಲೇ ನಗುತ್ತಾ, ಫೋನಿನ ದನಿ ಜೋರು ಮಾಡಿ, ಅದನ್ನು ತಮ್ಮ ಎದೆಯ ಮೈಕಿಗೆ ಹಿಡಿದು, ‘ನಿನ್ನ ನಿಮಿಷ ತಗೋ’ ಅಂದರು.

ವಾರ್ಡು ಪೂರ್ತಿ ನಮ್ಮ ಮಂಚದ ಸುತ್ತ ನಿಂತಿತ್ತು. ನಿಮ್ಮಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು, ಆಸ್ಪತ್ರೆಯ ಅಂಗಿಯ ಕಾಲರು ಸರಿಮಾಡಿಕೊಂಡರು. ವೀಕ್ಷಕರಿಗೆ ಕಾಣುವುದಿಲ್ಲ, ಆದರೂ. ‘ವೀಕ್ಷಕರೇ, ಇಷ್ಟು ವರ್ಷ ನನ್ನನ್ನು ನಿಮ್ಮ ಮನೆಯೊಳಗೆ ಬರಲು ಬಿಟ್ಟಿರಿ. ಕೆಟ್ಟ ಸುದ್ದಿ ತಂದ ದಿನವೂ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ನಾನು ಋಣಿ. ಇಲ್ಲಿಗೆ ವಾರ್ತೆಗಳು ಮುಗಿದವು. ನಮಸ್ಕಾರ.’ ಅದೇ ದನಿ, ಎಲ್ಲೂ ತಡವರಿಸಲಿಲ್ಲ. ಫೋನ್ ಇಟ್ಟು ದಿಂಬಿಗೆ ಒರಗಿ, ಮೈ ಹಗುರವಾದವರ ಹಾಗೆ ಕಣ್ಣು ಮುಚ್ಚಿಕೊಂಡರು. ಸಂಜೆಯ ಹೊತ್ತಿಗೆ ಮೇಣದಬತ್ತಿಗಳೆಲ್ಲ ಆರಿದವು. ಒಂದು ಚಾನೆಲ್ ಅಂತೂ ‘ಏಳೂವರೆ ಬದುಕಿದ್ದಾರೆ: ನಮ್ಮಲ್ಲೇ ಮೊದಲು’ ಅಂತ ಹಾಕಿತು. ಮುಖ ಅನ್ನುವುದು ಇದ್ದರೆ ತಾನೇ ನಾಚಿಕೆ.

ನಿನಗೂ ಆ ಸುಳ್ಳು ತಲುಪಿತ್ತು. ಆದರೆ ಅದರ ಬೆನ್ನಿಗೇ ಅಪ್ಪನ ದನಿಯೂ ಬಂತಲ್ಲ. ಲೈನು ಕಡಿಯುವ ತನಕ ನೀವಿಬ್ಬರೂ ಮಾತಾಡಿದಿರಿ. ಜಗಳವಿಲ್ಲದೆ ನೀವು ಅಷ್ಟು ಹೊತ್ತು ಮಾತಾಡಿದ್ದು ನನಗೆ ನೆನಪಿಲ್ಲ. ಏನು ಮಾತಾಡಿದಿರೋ ಗೊತ್ತಿಲ್ಲ, ನಾನು ಕಾರಿಡಾರಿಗೆ ಎದ್ದು ಹೋದೆ. ಒಳಗೆ ಬಂದಾಗ ಅವರ ಕಣ್ಣು ಕೆಂಪಗಿತ್ತು, ಮುಖ ತಿಳಿಯಾಗಿತ್ತು. ಆ ಸುಳ್ಳು ಹುಟ್ಟದೇ ಇದ್ದಿದ್ದರೆ ಆ ಮಾತು ಎಲ್ಲಿಂದ ಬರುತ್ತಿತ್ತು ಹೇಳು.

ಮಾರನೇ ದಿನ ಒಬ್ಬಳು ಹುಡುಗಿ ವಾರ್ಡಿನ ಬಾಗಿಲಲ್ಲಿ ಬಂದು ನಿಂತಳು. ನಿನಗಿಂತ ಚಿಕ್ಕವಳು, ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಫೋನ್ ಮಾಡಿದ ವರದಿಗಾರ್ತಿ ಅವಳೇ. ಅಷ್ಟು ಚಾನೆಲ್ಲುಗಳಲ್ಲಿ ಕ್ಷಮೆ ಕೇಳಲು ಬಾಗಿಲ ತನಕ ಬಂದವಳು ಅವಳೊಬ್ಬಳೇ. ನಾನು ಬೈಯಲು ಮಾತು ಜೋಡಿಸಿಟ್ಟುಕೊಂಡಿದ್ದೆ. ನಿಮ್ಮಪ್ಪ ಅವಳನ್ನು ಕೂರಿಸಿಕೊಂಡು, ‘ಯಾರಾದರೂ ಹೋದರು ಅಂದರೆ, ಎಲ್ಲಿಗೆ ಅಂತ ಕೇಳಬೇಕಮ್ಮ’ ಅಂದರು. ಅವಳು ಅಳುತ್ತಲೇ ನಕ್ಕಳು. ಆಮೇಲೆ ನನ್ನ ಕಡೆ ಕೈ ತೋರಿಸಿ, ಇವಳು ಕೆಳಗೆ ಔಷಧಿ ಸಾಲಿನಲ್ಲಿ ನಿಂತು ನೋಡಿದಳು ಅಂದರು. ನಮ್ಮ ಕಾಲದಲ್ಲಿ ಸಾವಿನ ಸುದ್ದಿ ಕೈಗೆ ಬಂದರೆ ಮನೆಯವರಿಗೆ ತಿಳಿದಿದೆಯಾ ಅಂತ ಮೊದಲು ಕೇಳುತ್ತಿದ್ದೆವು, ತಡವಾದರೆ ತಡ ಅಂತ ಬಿಡುತ್ತಿದ್ದೆವು ಅಂತಲೂ ಹೇಳಿದರು. ಹುಡುಗಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ನನಗೆ ಜೋಡಿಸಿಟ್ಟ ಮಾತು ಮರೆತುಹೋಯಿತು. ಬಾಳೆಹಣ್ಣು ಕೊಟ್ಟೆ, ತಿಂದಳು. ಅವತ್ತೇ ನಿಮ್ಮಪ್ಪ ಅವಳಿಗೆ ‘ಅವಸರಮ್ಮ’ ಅಂತ ಹೆಸರಿಟ್ಟರು. ಈಗ ನಮ್ಮ ಮನೆಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನಗಳು ಎಷ್ಟು ಚೆನ್ನಾಗಿದ್ದವು ಅಂತ ಫೋನಿನಲ್ಲಿ ನಿನಗೆ ಹೇಳಲಾಗಲಿಲ್ಲ. ಮೋಡಣ್ಣ ದಿನಾ ಬರುತ್ತಿದ್ದರು. ಬಾಲ್ಕನಿಯಲ್ಲಿ ಕೂತು ಆಕಾಶ ನೋಡಿ, ಇವತ್ತು ಮಳೆ ಇಲ್ಲ ಅನ್ನುತ್ತಿದ್ದರು. ನಿಮ್ಮಪ್ಪ ತಕ್ಷಣ ನನ್ನನ್ನು ಕರೆದು ಒಣಗಿದ ಬಟ್ಟೆ ಒಳಗೆ ತಗೋ ಅನ್ನುತ್ತಿದ್ದರು. ಅವಸರಮ್ಮ ರಜೆ ಇದ್ದಾಗಲೆಲ್ಲ ಬಂದು ಊಟ ಮಾಡಿ, ಅವರ ಎದುರು ಕೂತು ಗಟ್ಟಿಯಾಗಿ ಓದಿ ತಿದ್ದಿಸಿಕೊಂಡು ಹೋಗುತ್ತಿದ್ದಳು. ಮನೆ ತುಂಬ ಮಾತು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾ, ಇಷ್ಟು ಸಿಕ್ಕಿತಲ್ಲ ಅಂದುಕೊಳ್ಳುತ್ತಿದ್ದೆ. ಇನ್ನೂ ಬೇಕು ಅನ್ನಿಸಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಅವರು ಹೋದದ್ದು ಬೆಳಿಗ್ಗೆ, ಬಾಲ್ಕನಿಯ ಕುರ್ಚಿಯಲ್ಲೇ. ಕೆಳಗಿನ ಮನೆಯ ಡಾಕ್ಟರು ಓಡಿ ಬಂದು ಕೈ ಹಿಡಿದು ನೋಡಿ, ನನ್ನ ತಲೆಯ ಮೇಲೆ ಕೈ ಇಟ್ಟರು. ಅವರು ಇಳಿದು ಹೋಗುತ್ತಿದ್ದಾಗಲೇ ಅವಸರಮ್ಮ ಕಿತ್ತಳೆ ಹಣ್ಣಿನ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನಾನು ಹೇಳಿದೆ. ಚೀಲ ಕೆಳಗಿಟ್ಟು, ಅವರ ಪಾದದ ಹತ್ತಿರ ಕೂತು ಅತ್ತಳು. ಹಾಗೆ ಅಳುತ್ತಿದ್ದಾಗಲೇ ಅವಳ ಕೈ ತಾನಾಗಿ ಫೋನಿನ ಕಡೆ ಹೋದದ್ದನ್ನು ನಾನು ನೋಡಿದೆ. ತಪ್ಪೇನಿದೆ, ಅವಳ ಅನ್ನ ಅದು. ಬೇರೆ ಯಾರಿಗೂ ಸಿಗದ ಸುದ್ದಿ ಅವಳ ಅಂಗೈಯಲ್ಲಿತ್ತು. ನಾನು ಒಂದೇ ಮಾತು ಅಂದೆ, ‘ಪುಟ್ಟಿಗೆ ಇನ್ನೂ ಗೊತ್ತಿಲ್ಲ ಕಣಮ್ಮ.’ ಅವಳು ನನ್ನ ಮುಖ ನೋಡಿದಳು. ಕಣ್ಣು ಒರೆಸಿಕೊಂಡು, ನಿಮ್ಮ ಶಿಬಿರದ ನಂಬರು ಕೇಳಿದಳು.

ಅಲ್ಲಿಂದ ಶುರುವಾಯಿತು ನೋಡು ನಿನ್ನನ್ನು ಹುಡುಕುವ ಕೆಲಸ. ನಿಮ್ಮ ಕಡೆ ಬಿರುಗಾಳಿ, ಲೈನು ಸಿಗುವುದಿಲ್ಲ. ನಿನ್ನ ಆಫೀಸಿನವರು ಪ್ರಯತ್ನಿಸುತ್ತಲೇ ಇದ್ದಾರೆ, ಇವಳು ಇಲ್ಲಿಂದ ಒತ್ತುತ್ತಲೇ ಇದ್ದಾಳೆ. ನಾನು ಸಾಲಿನಲ್ಲಿ ನಿಂತು ಕಂಡದ್ದನ್ನು ನೀನು ಆ ಕತ್ತಲೆಯಲ್ಲಿ ಒಬ್ಬಳೇ ನಿಂತು ಕಾಣಬಾರದು, ನನಗೆ ಬೇರೇನೂ ಬೇಕಾಗಿರಲಿಲ್ಲ. ಆದರೆ ಸುದ್ದಿ ಎಷ್ಟು ಹೊತ್ತು ಬಾಗಿಲೊಳಗೆ ಇರುತ್ತದೆ? ಡಾಕ್ಟರು ಓಡಿದ್ದನ್ನು ಯಾರೋ ಕಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಕ್ಯಾಮೆರಾಗಳು. ಹಿಂದಿನ ಸಲ ಕೈ ಸುಟ್ಟುಕೊಂಡಿದ್ದರಲ್ಲ, ಅದಕ್ಕೆ ಯಾರಿಗೂ ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಮನೆಯವರ ಬಾಯಿಂದ ಬರಲಿ ಅಂತ ಕಾದು ನಿಂತರು. ಆ ಸುಳ್ಳು ನಮಗೆ ಮಾಡಿದ ಕೊನೆಯ ಉಪಕಾರ ಅದು.

ಮೋಡಣ್ಣ ಓಡಿ ಬಂದು, ಗೆಳೆಯನ ಮುಖ ನೋಡಿ, ಹಣೆ ಮುಟ್ಟಿ, ಕೆಳಗೆ ಇಳಿದು ಗೇಟಿನಲ್ಲಿ ನಿಂತರು. ಏಳೂವರೆ ಸರ್ ಹೇಗಿದ್ದಾರೆ ಅಂತ ಮೈಕು ಹಿಡಿದವರಿಗೆಲ್ಲ ಹವಾಮಾನ ಹೇಳಿದರು. ಪಡುವಣ ಗಾಳಿ, ಮೋಡದ ಎತ್ತರ, ವಾರಾಂತ್ಯದ ತುಂತುರು. ಸುಳ್ಳು ಹೇಳಲಿಲ್ಲ, ನಿಜವನ್ನೂ ಬಿಟ್ಟುಕೊಡಲಿಲ್ಲ. ಒಂದು ಚಾನೆಲ್ ಮಾತ್ರ ತಡೆಯಲಾರದೆ ‘ಏಳೂವರೆ ಇನ್ನಿಲ್ಲ?’ ಅಂತ ಪ್ರಶ್ನೆಯ ಗುರುತು ಸೇರಿಸಿ ಹಾಕಿತು, ಗಡಿಬಿಡಿಯಲ್ಲಿ ಫೋಟೋ ಮಾತ್ರ ಮೋಡಣ್ಣನದು. ಗೇಟಿನಲ್ಲಿ ನಿಂತಿದ್ದ ಅವರಿಗೆ ತಂಗಿಯ ಫೋನು ಬಂತಂತೆ, ಹೋ ಅಂತ ಅಳು. ‘ನಾನಿದ್ದೀನಿ ಕಣೇ, ಗೇಟಲ್ಲಿದ್ದೀನಿ’ ಅಂದರಂತೆ. ಆಮೇಲೆ ಮೇಲೆ ಬಂದು ನನಗೆ ಇದನ್ನು ಹೇಳಿದರು, ಇಬ್ಬರೂ ನಿಮ್ಮಪ್ಪನ ಪಕ್ಕದಲ್ಲೇ ಕೂತು ನಕ್ಕೆವು. ಅವರು ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಅವಸರಮ್ಮನ ಮುಖ್ಯಸ್ಥರು ಅವಳ ಫೋನಿಗೆ ಒಂದೇ ಸಮನೆ ಕರೆ ಮಾಡುತ್ತಿದ್ದರು. ಕೊನೆಗೆ ಎತ್ತಿ, ‘ಸರ್, ನಾನು ಅವರ ಮನೆಯಲ್ಲೇ ಇದ್ದೀನಿ. ಮಗಳಿಗೆ ತಿಳಿಯೋ ತನಕ ನಾನು ಏನೂ ಹೇಳಲ್ಲ’ ಅಂದಳು. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಅವಳು ಫೋನ್ ಆರಿಸಿ, ಮತ್ತೆ ನಮ್ಮ ಫೋನಿನಿಂದ ನಿನ್ನ ನಂಬರು ಒತ್ತಿದಳು.

ಕೊನೆಗೂ ನಿನ್ನ ದನಿ ಬಂತು. ಏನು ಹೇಳಬೇಕು ಅಂತ ನಾನು ಯೋಚಿಸಿಟ್ಟುಕೊಂಡಿರಲಿಲ್ಲ. ಪುಟ್ಟೀ, ಅಪ್ಪ ಹೋದರು ಅಂದೆ. ನೀನು ‘ಎಲ್ಲಿಗೆ?’ ಅಂದೆ. ತಮಾಷೆಯಾಗಿರಲಿ ಅಂತ ಬೇಡಿಕೊಂಡ ಹಾಗಿತ್ತು ಆ ದನಿ. ಪುಟ್ಟೀ ಅಂತ ಇನ್ನೊಂದು ಸಲ ಕರೆದೆ ಅಷ್ಟೇ, ನಿನಗೆ ಅರ್ಥವಾಯಿತು. ಆಮೇಲೆ ಇಬ್ಬರೂ ಅತ್ತದ್ದು ನಿನಗೆ ಗೊತ್ತೇ ಇದೆ. ನೀನು ಅತ್ತದ್ದು ನನ್ನ ಕಿವಿಯಲ್ಲಿ, ನಾನು ಅತ್ತದ್ದು ನಿನ್ನ ಕಿವಿಯಲ್ಲಿ. ನಡುವೆ ಮೂರನೆಯವರು ಯಾರೂ ಇರಲಿಲ್ಲ, ಅಷ್ಟು ಸಾಕು ನನಗೆ.

ಲೈನು ಕಡಿದ ಮೇಲೆ ಅವಸರಮ್ಮ ಮುಖ ತೊಳೆದುಕೊಂಡು, ನನ್ನ ಒಪ್ಪಿಗೆ ಕೇಳಿ, ಕೆಳಗೆ ಹೋದಳು. ನಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದ್ದನ್ನು ನಾನು ಟಿವಿಯಲ್ಲಿ ನೋಡಿದೆ. ಹಿಂದೆ ಸಂಗೀತವಿಲ್ಲ. ‘ಏಳೂವರೆ ಎಂದೇ ಎಲ್ಲರೂ ಬಲ್ಲ ಹಿರಿಯ ವಾರ್ತಾವಾಚಕರು ಇಂದು ಬೆಳಿಗ್ಗೆ ತಮ್ಮ ಮನೆಯಲ್ಲಿ ತೀರಿಕೊಂಡರು. ಪತ್ನಿ ಜೊತೆಗಿದ್ದರು. ದೂರದಲ್ಲಿರುವ ಮಗಳಿಗೆ ವಿಷಯ ತಿಳಿಸಲಾಗಿದೆ.’ ಅಷ್ಟೇ. ಉಸಿರನ್ನು ಸರಿಯಾದ ಕಡೆಯೇ ತೆಗೆದುಕೊಂಡಳು. ನೀನು ಮತ್ತೆ ನೋಡುವುದಾದರೆ ಆ ತುಣುಕೊಂದನ್ನು ನೋಡು, ಉಳಿದದ್ದನ್ನು ಬಿಟ್ಟುಬಿಡು. ಅವಳ ಮುಖ್ಯಸ್ಥರು ಸಿಟ್ಟಿನಲ್ಲಿ ಅವಳನ್ನು ವರದಿಗಾರಿಕೆಯಿಂದ ತೆಗೆದು ಬೆಳಗಿನ ಹವಾಮಾನಕ್ಕೆ ಹಾಕಿದ್ದಾರೆ. ಶಿಕ್ಷೆಯಂತೆ. ಈಗ ಮೋಡಣ್ಣ ದಿನಾ ಸಂಜೆ ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಅವಳಿಗೆ ಪಾಠ ಹೇಳುತ್ತಾರೆ, ಪಾಠ ಮುಗಿಯುವ ತನಕ ನನಗೆ ತಟ್ಟೆ ಇಡಲು ಜಾಗವಿಲ್ಲ.

ಇಷ್ಟು ಜನ ನಮ್ಮ ಜೊತೆ ನಿಂತರು ಪುಟ್ಟೀ. ನಿನಗೆ ಬರಲಾಗಲಿಲ್ಲ ಅಂತ ಕೊರಗಬೇಡ, ಅಲ್ಲಿ ನಿನ್ನನ್ನು ನಂಬಿಕೊಂಡು ಕೂತವರನ್ನು ಚೆನ್ನಾಗಿ ನೋಡಿಕೋ. ಲೈನು ಹಿಡಿದು ಕೊಟ್ಟ ನಿಮ್ಮ ರೇಡಿಯೋದವನಿಗೆ ನನ್ನ ಪರವಾಗಿ ಕೈ ಮುಗಿ. ಮೋಡಣ್ಣ ಆಶೀರ್ವಾದ ತಿಳಿಸಿದ್ದಾರೆ, ಅಲ್ಲಿಯ ಗಾಳಿಯ ವೇಗ ಬರೆದು ಕಳಿಸಬೇಕಂತೆ. ಅವಸರಮ್ಮ ಅಕ್ಕನಿಗೆ ನಮಸ್ಕಾರ ಅಂದಿದ್ದಾಳೆ. ನನ್ನ ಆಯಸ್ಸೂ ಸೇರಿ ನೂರು ಕಾಲ ಬಾಳು ಮಗಳೇ.

ನಿನ್ನ
ಅಮ್ಮ

ತಾ.ಕ.: ಕೆಳಗೆ ಮೋಡಣ್ಣ ಸ್ಕೂಟರ್ ಶುರುಮಾಡಿಕೊಂಡು ಹಾರ್ನ್ ಹೊಡೆಯುತ್ತಿದ್ದಾರೆ, ನಿನ್ನ ಆಫೀಸು ಮುಚ್ಚುವ ಹೊತ್ತಾಯಿತಂತೆ. ಅಪ್ಪ ಕೊನೆಗೆ ಏನಾದರೂ ಹೇಳಿದರಾ ಅಂತ ನೀನು ಅವತ್ತು ಕೇಳಿದ್ದೆ, ನನಗೆ ಹೇಳಲಾಗಲಿಲ್ಲ. ಯಾವುದೋ ಚಾನೆಲ್ಲಿನಲ್ಲಿ ಅವರ ಕೊನೆಯ ನುಡಿ ಅಂತ ಸತ್ಯ, ನಾಡು ಅಂತೆಲ್ಲ ದಪ್ಪ ಅಕ್ಷರದಲ್ಲಿ ಹಾಕಿದರಂತೆ. ಅದು ಅವರು ಆಡಿದ್ದಲ್ಲ. ಪೇಪರು ಪೂರ್ತಿ ಓದಿ, ಮಡಿಸಿ ತೊಡೆಯ ಮೇಲಿಟ್ಟುಕೊಂಡು, ‘ಇವತ್ತು ದೊಡ್ಡ ಸುದ್ದಿ ಏನೂ ಇಲ್ಲ ಕಣೇ. ಕಾಫಿ ಕೊಡು’ ಅಂದರು. ಕೊಟ್ಟೆ. ಅರ್ಧ ಕುಡಿದಿದ್ದರು, ಲೋಟ ಕೈಯಲ್ಲೇ ಇತ್ತು, ಒಂದು ತೊಟ್ಟೂ ಚೆಲ್ಲಿರಲಿಲ್ಲ. ನೋವಿನ ಸುಳಿವೇ ಇರಲಿಲ್ಲ ಮಗಳೇ ಮುಖದಲ್ಲಿ. ನೀನು ಬೇಡ ಅಂದಿದ್ದ ಸಕ್ಕರೆ ಅವತ್ತು ಒಂದು ಚಮಚ ಹಾಕಿದ್ದೆ. ಬೈಯಬೇಡ.